ಸಹಿ ಇಲ್ಲದ ಲಕ್ಷ್ಮಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಒಂದೊಂದು ತಾಲ್ಲೂಕಿನಿಂದ ಒಬ್ಬೊಬ್ಬರಂತೆ ನಾವು ನಾಲ್ವರು, ಕೂಡಿ ಓದಿದವರು. ಮುಂಗಾರಿಗೆ ಸ್ವಲ್ಪ ಮೊದಲು ಹಿರೇಕೆರೂರಿನ ಗೆಳೆಯ ಫೋನ್ ಮಾಡಿದ.

"ಸವಣೂರಾಗ ಒಂದು ಹಳೇ ವಾಡೆ ಕೆಡವ್ಯಾರ. ಅಲ್ಲಿಂದ ಬಂದ ಲಕ್ಷ್ಮಿ ಚಿತ್ರ ಐತಿ, ನವಾಬರ ಕಾಲದ್ದಂತ. ಇಪ್ಪತ್ತೈದು ಸಾವಿರಕ್ಕ ಕೊಡ್ತಾರ. ಬೆಂಗಳೂರಾಗ ಲಕ್ಷಕ್ಕ ಹೋಗತೈತಂತ!"

ಅವನ ಕೈಯಲ್ಲಿದ್ದ 25,000 ರೂಪಾಯಿ ಗೋವಿನಜೋಳದ ಬೀಜ, ಗೊಬ್ಬರಕ್ಕೆಂದು ತಂದ ಸಾಲ. ಅದಕ್ಕೇ ಉಳಿದ ಮೂವರೂ ಅವನ ಬೆನ್ನುಹತ್ತಿ ಹೋದೆವು.

"ಬರೆದವರ ಸಹಿ ಎಲ್ಲೈತ್ರಿ?" ಎಂದು ಕೇಳಿದೆವು.

"ಹಿಂದಿನವ್ರು ಸಹಿ ಎಲ್ಲಿ ಹಾಕತಿದ್ರು?" ಎಂದರು ಅಂಗಡಿಯವರು.

ಮಾತು ಪೂರಾ ಸುಳ್ಳಲ್ಲ. ಮೈಸೂರು ಶೈಲಿಯ ಹಳೆಯ ಚಿತ್ರಗಾರರಲ್ಲಿ ಹೆಚ್ಚಿನವರು ಹೆಸರು ಬರೆಯದೇ ಹೋದರು. ಆದ್ದರಿಂದ ಸಹಿ ಇಲ್ಲದ್ದು ದೋಷವಲ್ಲ, ಹಳೆಯದೆನ್ನಲು ಅದು ಸಾಕ್ಷಿಯೂ ಅಲ್ಲ. ಚಿತ್ರವನ್ನೇ ಕೇಳಬೇಕು.

ಮೊದಲು ಅದನ್ನು ಬಿಸಿಲಿಗೆ ತಂದು ಭೂತಗನ್ನಡಿ ಹಿಡಿದೆವು. ಕೈಯಿಂದ ಬರೆದಿದ್ದರೆ ಕುಂಚದ ಎಳೆ ಕಾಣುತ್ತದೆ, ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ಮೈಸೂರು ಶೈಲಿಯದಾದರೆ ಆಭರಣದ ಜಾಗ ತುಸು ಉಬ್ಬಿ, ಮೇಲೆ ಚಿನ್ನದ ರೇಕು ಇರುತ್ತದೆ. ನಮ್ಮ ಲಕ್ಷ್ಮಿಯ ಕೆನ್ನೆಯ ತುಂಬ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿದ್ದವು. ಅದು ಅಚ್ಚು ಹಾಕಿದ ಚಿತ್ರ!

ಅಂಗಡಿಯವರನ್ನು ಕೇಳಿಯೇ ಹಿಂದಿನ ಹಲಗೆ ಬಿಚ್ಚಿಸಿದೆವು. ಕಾಗದದ ಕೆಳ ಅಂಚನ್ನು ಚೌಕಟ್ಟಿನೊಳಗೆ ಮಡಚಿದ್ದರು. ಬಿಡಿಸಿದರೆ ಇಂಗ್ಲಿಷಿನಲ್ಲಿ ರವಿವರ್ಮ ಪ್ರೆಸ್ ಎಂದು ಅಚ್ಚಾಗಿತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಪ್ರೆಸ್ಸು ಅದು, ಆಮೇಲೆ ಲೋನಾವಳ ಕಡೆಗೆ ಹೋಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಅಚ್ಚು ಮಾಡಿ ಸಾವಿರಾರು ಪ್ರತಿ ತೆಗೆಯುತ್ತಿದ್ದರು. ದೇವರ ಪಟ ಮನೆಮನೆಯ ಗೋಡೆಗೆ ಬಂದದ್ದೇ ಹೀಗೆ.

ಇಂಥ ಹಳೆಯ ಪಟಗಳಿಗೂ ಕೊಳ್ಳುವವರಿದ್ದಾರೆ. ಆದರೆ ಅಂಚು ಕತ್ತರಿಸಿರಬಾರದು, ನೀರಿನ ಕಲೆ ಇರಬಾರದು, ಮೇಲೆ ಯಾರೂ ಹೊಸ ಬಣ್ಣ ಬಳಿದಿರಬಾರದು. ಇದರ ಅರ್ಧಕ್ಕೆ ನೀರು ಕುಡಿದ ಕಲೆ ಇತ್ತು.

"ಫಾರಿನ್‌ದವ್ರು ಬೇಕಾದಷ್ಟು ಕೊಡ್ತಾರ" ಎಂದೂ ಅಂಗಡಿಯವರು ಮೊದಲೇ ಹೇಳಿದ್ದರು. ಅಲ್ಲೂ ಎಚ್ಚರ ಬೇಕು. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಅಂಗಡಿಯವರ ಮುಖ ಬಾಡಿತು. ಅವರಿಗೂ ಯಾರೋ ನವಾಬರ ಹೆಸರು ಹೇಳಿಯೇ 8,000ಕ್ಕೆ ಕೊಟ್ಟಿದ್ದರಂತೆ. ನಾವು ಗೆದ್ದೆವು ಅನ್ನಿಸಲಿಲ್ಲ. ಚಹಾ ತರಿಸಿದರು. ಕುಡಿದು ಎದ್ದೆವು.

ಗೆಳೆಯನ ಹೊಲಕ್ಕೆ ಆ ಸಲ ಗೋವಿನಜೋಳ ಬಿತ್ತಿದ್ದಾಯಿತು. ಅವರವ್ವ ಕತೆ ಕೇಳಿ ನಕ್ಕರು: "ನಮ್ಮ ಜಗಲಿ ಮ್ಯಾಲಿನ ಲಕ್ಷ್ಮೀನೂ ಅಂಥಾದ್ದೇ. ಆಕಿನ್ನ ಯಾರೂ ರೊಕ್ಕ ಕೊಟ್ಟು ಕೇಳಿಲ್ಲ ನೋಡು."

ನಿಮ್ಮ ಪಡಸಾಲೆಯಲ್ಲೂ ಹಳೆಯ ಪಟ ಇದ್ದೀತು. ಗುಜರಿಯವರು ಬಂದಾಗ ಅವಸರ ಮಾಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಲೂಬೇಡಿ. ಮೊದಲು ಅದರ ಹಿಂಬದಿ ನೋಡಿ.