ಹದಿನೈದು ಅಡಿ ದೂರದ ಅಮ್ಮಮ್ಮ

ಈ ಕಾಲದಲ್ಲಿ ಯಾರಾದ್ರೂ 'ಒಂದು ಕ್ಯಾಮೆರಾ ತಗೋಬೇಕು' ಅಂದ್ರೆ ಎದುರಿಗಿದ್ದವರು ಮೊದಲು ಕೇಳೋದು 'ಯಾಕೆ, ಫೋನ್ ಇಲ್ವಾ?' ಅಂತ. ಈ ಮೂರು ತಿಂಗಳಲ್ಲಿ ಆಫೀಸಿನಲ್ಲಿ, ಮನೇಲಿ, ಕೊನೆಗೆ ಕ್ಯಾಮೆರಾ ಅಂಗಡಿಯವನ ಬಾಯಲ್ಲೂ ಇದೇ ಪ್ರಶ್ನೆ ಕೇಳಿದೀನಿ :) ಅಕ್ಕನಂತೂ ಫೋನಿನಲ್ಲೇ 'ಫೋನು ಸಾಕಾಗ್ತಿಲ್ಯ?' ಅಂತ ನಕ್ಕಳು.

ಅವರು ಹೇಳೋದ್ರಲ್ಲಿ ತಪ್ಪೇನಿಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾದ ಲೆಕ್ಕದ ಪ್ರಕಾರ 2010ರಲ್ಲಿ ಜಗತ್ತಿಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರ ಹೊತ್ತಿಗೆ ಅದು 80 ಲಕ್ಷಕ್ಕಿಂತ ಕೆಳಗೆ ಬಂದಿತ್ತು. ಉಳಿದಿದ್ದನ್ನೆಲ್ಲ ಫೋನು ನುಂಗಿ ಹಾಕಿತು, ಅದರಲ್ಲೂ ಮೊದಲು ನುಂಗಿದ್ದು ಜೇಬಿನಲ್ಲಿ ಹಿಡಿಸೋ ಪುಟ್ಟ ಕ್ಯಾಮೆರಾಗಳನ್ನ. ಹಾಗಿದ್ದೂ ನನಗೆ ಅಂಥದ್ದೇ ಒಂದು ಬೇಕಾಗಿತ್ತು, ಜೂಮ್ ಇರೋದು. ಕಾರಣ ಅಮ್ಮಮ್ಮ.

ನಮ್ಮ ಕಡೆ ಆಯಿಯ ಆಯಿಗೆ ಅಮ್ಮಮ್ಮ ಅಂತೀವಿ. ಶಿರಸಿ ಸೀಮೆಯ ಒಂದು ಹಳ್ಳಿಯ ಅಜ್ಜನಮನೆಯಲ್ಲಿ ಮಾವ-ಅತ್ತೆಯ ಜೊತೆ ಇದಾಳೆ, ವಯಸ್ಸು 86. ಅವಳಿಗೆ ಬರೋ ಹಾಡುಗಳ ಲೆಕ್ಕ ಯಾರ ಹತ್ರಾನೂ ಇಲ್ಲ. ಹಸೆಗೆ ಕರೆಯೋ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಬೀಗಿತ್ತಿಯನ್ನ ಬೈಯೋ ಹಾಡು... ಊರಲ್ಲಿ ಯಾವ ಮನೆ ಮದುವೆ ಆದ್ರೂ ಮುಂಚೆ ಅಮ್ಮಮ್ಮ ಬೇಕೇ ಬೇಕಿತ್ತು. ಒಂದೂ ಬರೆದಿಟ್ಟಿಲ್ಲ. ಅವಳ ಅಮ್ಮನಿಂದ ಕಿವಿಗೆ ಬಿದ್ದಿದ್ದು, ಹಾಗೇ ಇದೆ. ಹಾಗೇ ಇತ್ತು ಅನ್ನಬೇಕು. ಈ ವರ್ಷ ಬೇಸಿಗೆಯಲ್ಲಿ ಹೋದಾಗ ಒಂದು ಆರತಿ ಹಾಡನ್ನ ಶುರು ಮಾಡಿ ಎರಡನೇ ನುಡಿಗೆ ನಿಂತುಬಿಟ್ಟಳು. ಸ್ವಲ್ಪ ಹೊತ್ತು ಸುಮ್ನೆ ಕೂತು, ನನ್ನ ಮುಖ ನೋಡಿ, 'ಬತ್ತಿಲ್ಲೆ' ಅಂದಳು. ಆ ದಿನ ರಾತ್ರಿ ಬೆಂಗಳೂರು ಬಸ್ಸಿನಲ್ಲಿ ನಿದ್ದೆ ಬರಲಿಲ್ಲ.

ಅಜ್ಜನದ್ದು ನಮ್ಮ ಹತ್ರ ಇರೋ ಒಂದೇ ವಿಡಿಯೋ 47 ಸೆಕೆಂಡಿನದು. 2009ರಲ್ಲಿ ಮಾವ ತಂದಿದ್ದ, ಎರಡು ಪೆನ್‌ಸೆಲ್ ಹಾಕೋ ಪುಟ್ಟ ಕ್ಯಾಮೆರಾದಲ್ಲಿ ತೆಗೆದಿದ್ದು. 640×480, ಅಂದ್ರೆ ಒಂದು ಫ್ರೇಮಿಗೆ ಮೂರು ಲಕ್ಷ ಚಿಲ್ಲರೆ ಪಿಕ್ಸೆಲ್. ಈಗಿನ 4ಕೆ ವಿಡಿಯೋದಲ್ಲಿ ಅದು 83 ಲಕ್ಷ. ಆ ಕಾಲದ ಎಷ್ಟೋ ಕ್ಯಾಮೆರಾಗಳಲ್ಲಿ ವಿಡಿಯೋ ಶುರುವಾದ ಮೇಲೆ ಜೂಮ್ ಅಲುಗಾಡ್ತಿರಲಿಲ್ಲ, ಮೋಟರಿನ ಸದ್ದು ಮೈಕಿಗೆ ಬೀಳುತ್ತೆ ಅಂತ ಕಂಪನಿಯವರೇ ಕಟ್ಟಿ ಹಾಕ್ತಿದ್ರು. ಹಾಗಾಗಿ ಅಜ್ಜ ಜಗಲಿಯ ಆ ತುದಿಯಲ್ಲಿ ಬೆರಳುದ್ದ ಕಾಣ್ತಾನೆ, ಏನೋ ಹೇಳ್ತಾನೆ, ಒಳಗೆ ಮಿಕ್ಸಿ ತಿರುಗ್ತಿದೆ. ಏನು ಹೇಳಿದ ಅಂತ ಯಾರಿಗೂ ಗೊತ್ತಿಲ್ಲ. ಆಯಿ ವರ್ಷಕ್ಕೊಮ್ಮೆಯಾದ್ರೂ ಅದನ್ನ ಹಾಕಿಸಿಕೊಂಡು ಕಿವಿಗೊಟ್ಟು ಕೇಳ್ತಾಳೆ.

ಸರಿ, ಅಮ್ಮಮ್ಮನ್ನ ಫೋನಿನಲ್ಲೇ ತೆಗೀಬಹುದಲ್ಲ? ಪ್ರಯತ್ನ ಮಾಡಿದ್ವಿ, ಎಲ್ರೂ ಮಾಡಿದಾರೆ. ಫೋನ್ ಹತ್ತಿರ ಹಿಡಿದ ಕೂಡ್ಲೇ ಅವಳು ಸೆರಗು ಸರಿ ಮಾಡ್ಕೊಂಡು ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಕೂತುಬಿಡ್ತಾಳೆ. 'ಅದ್ನ ಮುಖದ ಎದ್ರಿಗೆ ಹಿಡಿಯಡ ತಮಾ, ಎಂಗೆ ಹಾಡೇ ಮರ್ತು ಹೋಗ್ತು. ದೂರ ಕೂತ್ಕಂಡು ಎಂತಾದ್ರೂ ಮಾಡ್ಕ್ಯ' ಅಂತ ಒಪ್ಪಿಗೆ ಕೊಟ್ಟಿದ್ದೂ ಅವಳೇ. ಇಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟು ನನಗೆ ಆಫೀಸಿನಲ್ಲಿ ಯಾವ ಕ್ಲೈಂಟೂ ಕೊಟ್ಟಿಲ್ಲ :)

ದೂರ ಅಂದ್ರೆ ಎಷ್ಟು? ಮಾವನಿಗೆ ಫೋನ್ ಮಾಡಿ ಟೇಪ್ ಹಿಡಿದು ಅಳೆಸಿದೆ. ಅವಳು ಕೂರೋ ಕಂಬದಿಂದ ಎದುರು ಕಿಟಕಿ ಕಟ್ಟೆಗೆ 15 ಅಡಿ, ಅಂದ್ರೆ ನಾಲ್ಕೂವರೆ ಮೀಟರ್. ಇಲ್ಲಿಂದ ಮುಂದೆ ಬರೀ ಮಿಡ್ಲ್‌ಸ್ಕೂಲ್ ಗಣಿತ. ಕ್ಯಾಮೆರಾ ಡಬ್ಬಿ ಮೇಲೆ ಬರೆದಿರೋ '24-200' ಥರದ ಸಂಖ್ಯೆಗಳು ಹಳೇ ಫಿಲ್ಮ್ ಕ್ಯಾಮೆರಾದ ಲೆಕ್ಕದವು, ಆ ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲ. ದೂರವನ್ನ ಆ ಸಂಖ್ಯೆಯಿಂದ ಭಾಗಿಸಿ 36ರಿಂದ ಗುಣಿಸಿದರೆ ಎಷ್ಟು ಅಗಲದ ಜಾಗ ಚಿತ್ರದಲ್ಲಿ ಬರುತ್ತೆ ಅಂತ ಸಿಗುತ್ತೆ. ನಾಲ್ಕೂವರೆ ಮೀಟರಿನಿಂದ 24ರಲ್ಲಿ ತೆಗೆದರೆ ಪೌಣೇಳು ಮೀಟರ್ ಅಗಲ, ಇಡೀ ಜಗಲಿ ಬರುತ್ತೆ. 100ರಲ್ಲಿ 1.6 ಮೀಟರ್. 200ರಲ್ಲಿ 81 ಸೆಂ.ಮೀ., ಅಂದ್ರೆ ತಲೆ, ಭುಜ, ತಾಳ ಹಾಕೋ ಕೈ. 720ರಲ್ಲಿ 22 ಸೆಂ.ಮೀ., ಮೂಗುಬೊಟ್ಟು ಮಾತ್ರ!

ಈ ಲೆಕ್ಕ ಮಾಡಿದ ಮೇಲೆ ನನ್ನ ಅರ್ಧ ಗೊಂದಲ ಮುಗೀತು. ಅಂಗಡಿಗಳಲ್ಲಿ '30ಎಕ್ಸ್', '40ಎಕ್ಸ್' ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಆ ಎಕ್ಸ್ ಅಂದ್ರೆ ದೊಡ್ಡ ಸಂಖ್ಯೆಯನ್ನ ಸಣ್ಣದರಿಂದ ಭಾಗಿಸಿದ್ದು ಅಷ್ಟೆ. 2018ರ ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್ 24-960, 40ಎಕ್ಸ್. 2025ರ ಪ್ಯಾನಸೋನಿಕ್ ಟಿಜೆಡ್99 24-720, 30ಎಕ್ಸ್. ಹಕ್ಕಿ ನೋಡೋಕೆ, ಕ್ರಿಕೆಟ್ ನೋಡೋಕೆ ಚೆನ್ನಾಗೇ ಇವೆ. ಆದರೆ ಅಷ್ಟು ಉದ್ದದ ಜೂಮನ್ನ ಜೇಬಿನ ಗಾತ್ರದಲ್ಲಿ ತುರುಕಬೇಕಂದ್ರೆ ಸೆನ್ಸರ್ ಸಣ್ಣದಾಗಲೇಬೇಕು. ಇವೆರಡರಲ್ಲೂ ಇರೋದು 1/2.3 ಇಂಚಿನದು, ಸುಮಾರು 6.2 × 4.6 ಮಿ.ಮೀ. ಅದರ ಮೇಲಿನ ವರ್ಗ 'ಒಂದಿಂಚು' ಸೆನ್ಸರ್, 13.2 × 8.8 ಮಿ.ಮೀ. ಯಾವ ಕಡೆಯಿಂದ ಅಳೆದರೂ ಇದು ಒಂದಿಂಚು ಆಗಲ್ಲ! ಹಳೇ ಟಿವಿ ಕ್ಯಾಮೆರಾಗಳ ಗಾಜಿನ ಟ್ಯೂಬಿನ ಹೊರ ಅಳತೆಯಿಂದ ಬಂದ ಹೆಸರು, ಟ್ಯೂಬ್ ಹೋದ್ರೂ ಹೆಸರು ಉಳಿದಿದೆ. ಏನೇ ಇರಲಿ, ವಿಸ್ತೀರ್ಣ ನಾಲ್ಕು ಪಟ್ಟು. ಬೆಳಕು ಹಿಡಿಯೋ ಬೋಗುಣಿ ಅಷ್ಟು ದೊಡ್ಡದು.

ನನಗೆ ಬೆಳಕೇ ಮುಖ್ಯ. ಮಲೆನಾಡಿನ ಹೆಂಚಿನ ಮನೆಯ ಜಗಲಿ ನೋಡಿದವರಿಗೆ ಹೇಳಬೇಕಿಲ್ಲ. ಮಾಡಿನಲ್ಲಿ ಎರಡು ಗಾಜಿನ ಹೆಂಚು, ಒಂದು ಎಲ್‌ಇಡಿ ಬಲ್ಬು, ಅಷ್ಟೆ. ಫೋನಿನ ಸಮಸ್ಯೆಯೂ ಇಲ್ಲೇ. ಈಗಿನ ಒಳ್ಳೆ ಫೋನುಗಳಲ್ಲಿ 3ಎಕ್ಸ್, 5ಎಕ್ಸ್ ಲೆನ್ಸ್ ಇರುತ್ತೆ, ನಿಜ. ಆದರೆ ಆ ಲೆನ್ಸಿನ ಹಿಂದಿರೋ ಸೆನ್ಸರ್ ತೀರಾ ಚಿಕ್ಕದು. ಕತ್ತಲಾದ್ರೆ ಎಷ್ಟೋ ಫೋನುಗಳು ನಮಗೆ ಹೇಳದೇ ಮುಖ್ಯ ಕ್ಯಾಮೆರಾಕ್ಕೆ ಹೋಗಿ, ಅದರ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ಕೊಡ್ತವೆ. ಹಗಲಲ್ಲಿ, ಹತ್ತಿರದಲ್ಲಿ, ಮಗು ಓಡೋವಾಗ ಥಟ್ ಅಂತ ತೆಗೆಯೋಕೆ ಫೋನೇ ಸರಿ, ಅದರ ಬಗ್ಗೆ ಜಗಳ ಇಲ್ಲ.

ಹೀಗೆ ಸೋಸಿ ಸೋಸಿ ಪಟ್ಟಿಯಲ್ಲಿ ಮೂರು ಉಳಿದ್ವು, ಮೂರೂ ಒಂದಿಂಚಿನವು. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3: ಎಫ್/1.8ರಿಂದ 2.8, ಬೆಳಕಿಗೆ ಎಲ್ಲಕ್ಕಿಂತ ಒಳ್ಳೇದು, ಆದರೆ ಜೂಮ್ 100ಕ್ಕೆ ಮುಗೀತು. ಪ್ಯಾನಸೋನಿಕ್ ಟಿಜೆಡ್200: ಜೂಮ್ 360ರವರೆಗೆ, ಆದರೆ ಎಫ್/3.3ರಿಂದ 6.4, ಉದ್ದಕ್ಕೆ ಎಳೆದಷ್ಟೂ ಕತ್ತಲು. ಸೋನಿ ಆರ್‌ಎಕ್ಸ್100ರ ಆರು ಮತ್ತು ಏಳನೇ ಮಾದರಿ: 24-200, ಎಫ್/2.8ರಿಂದ 4.5. ನನ್ನ 15 ಅಡಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. 2019ರ ಏಳನೆಯದರಲ್ಲಿ ಹೊರಗಿನ ಮೈಕ್ ಚುಚ್ಚೋ ಜಾಗ ಇದೆ, 2018ರ ಆರನೆಯದರಲ್ಲಿ ಇಲ್ಲ, ಲೆನ್ಸ್ ಮಾತ್ರ ಒಂದೇ. ಆಫೀಸಿನ ಗೆಳೆಯನ ಹತ್ತಿರ ಆರನೆಯದು ಬೀರುವಿನಲ್ಲಿ ಮಲಗಿತ್ತು. ಹೊಸದರ ಬೆಲೆ ನೋಡಿ ನಿಟ್ಟುಸಿರು ಬಿಟ್ಟವನಿಗೆ ಅಷ್ಟೇ ಸಾಕಾಯ್ತು.

ಸೆಕೆಂಡ್ ಹ್ಯಾಂಡ್ ತಗೊಳೋರಿಗೆ ಒಂದೆರಡು ಮಾತು. ಬಿಳಿ ಗೋಡೆಯನ್ನ ಎಫ್/11ರಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕಿ ಕಂಡ್ರೆ ಸೆನ್ಸರಿನ ಮೇಲೆ ಧೂಳು ಕೂತಿದೆ ಅಂತ ಅರ್ಥ. ಲೆನ್ಸ್ ಬಿಚ್ಚೋಕೆ ಬರದ ಈ ಕ್ಯಾಮೆರಾಗಳಲ್ಲಿ ಅದನ್ನ ತೆಗೆಯೋದು ದೊಡ್ಡ ರಾಮಾಯಣ. ವಿಡಿಯೋ ಓಡ್ತಿರೋವಾಗ ಜೂಮನ್ನ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಎಳೀರಿ, ಎಲ್ಲೂ ತಡವರಿಸಬಾರದು. ಲೆನ್ಸ್ ಒಳಗೆ ಹೋಗೋವಾಗ ಮರಳು ಅರೆದ ಸದ್ದು ಬಂದ್ರೆ ಕಾಫಿ ಕುಡಿದು ಎದ್ದು ಬನ್ನಿ :)

ಇನ್ನು ಧ್ವನಿ. ಎಲ್ರೂ ಚಿತ್ರದ ಬಗ್ಗೆ ತಲೆ ಕೆಡಿಸ್ಕೋತಾರೆ, ನನಗೆ ಬೇಕಾಗಿದ್ದು ಹಾಡು. ಜೂಮ್ ಮಾಡಿದ್ರೆ ಚಿತ್ರ ಹತ್ತಿರ ಬರುತ್ತೆ, ಧ್ವನಿ ಬರಲ್ಲ. 15 ಅಡಿ ದೂರದ ಮೈಕಿಗೆ ಅಮ್ಮಮ್ಮನೂ ಒಂದೇ, ಕೊಟ್ಟಿಗೆಯ ದನವೂ ಒಂದೇ. ಅದಕ್ಕೇ ಮೈಕಿನ ತೂತು ಇಲ್ಲದ ಕ್ಯಾಮೆರಾ ಆದ್ರೂ ಚಿಂತೆ ಮಾಡಲಿಲ್ಲ. ನನ್ನ ಫೋನನ್ನ ರೆಕಾರ್ಡಿಂಗಿಗೆ ಹಾಕಿ, ಏರೋಪ್ಲೇನ್ ಮೋಡಿನಲ್ಲಿಟ್ಟು, ಅವಳಿಗೆ ಹೇಳಿಯೇ ಅವಳ ಕವಳದ ತಟ್ಟೆಯಲ್ಲಿ ಎಲೆ-ಅಡಿಕೆಯ ಪಕ್ಕ ಇಟ್ಟೆ. 'ಅಲ್ಲೇ ಬಿದ್ಕಂಡಿರ್ಲಿ' ಅಂದಳು. ಮುಖದ ಎದುರು ಇಲ್ಲದಿದ್ರೆ ಅದಕ್ಕೆ ಬೆಲೆಯೇ ಇಲ್ಲ! ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸೋದು ಸುಲಭ. ಎರಡು ಯಂತ್ರಗಳ ಗಡಿಯಾರ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ರೂ ಗಂಟೆಗೆ 72 ಮಿಲಿಸೆಕೆಂಡ್, ಹೆಚ್ಚುಕಡಿಮೆ ಎರಡು ಫ್ರೇಮು ಸರಿಯುತ್ತೆ. ಹಾಗಾಗಿ ಪ್ರತಿ ಹಾಡಿಗೂ ಒಂದೊಂದು ಚಪ್ಪಾಳೆ.

ದೊಡ್ಡಹಬ್ಬಕ್ಕೆ ಹೋದಾಗ ಮಧ್ಯಾಹ್ನ ಊಟ ಆಗಿ ಎಲ್ಲರೂ ಅಡ್ಡಾದ ಮೇಲೆ ಕೂತ್ವಿ. ಕ್ಯಾಮೆರಾ ಕಿಟಕಿ ಕಟ್ಟೆಯ ಮೇಲೆ, ಅತ್ತೆ ಕೊಟ್ಟ ಅರ್ಧ ತುಂಬಿದ ಅಕ್ಕಿ ಚೀಲದ ಮೇಲೆ ಒತ್ತಿ ಕೂರಿಸಿದ್ದು. ಇದಕ್ಕಿಂತ ಒಳ್ಳೆ ಸ್ಟ್ಯಾಂಡು ನಾನು ನೋಡಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತೆ. ಶಟರನ್ನ 1/50 ಅಥವಾ 1/100ಕ್ಕೆ ಇಡದಿದ್ರೆ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಓಡುತ್ತೆ. 4ಕೆ ಆಸೆ ಬಿಟ್ಟೆ. ಈ ಪುಟ್ಟ ಡಬ್ಬಿಯಲ್ಲಿ ಬಿಸಿ ಹೋಗೋಕೆ ಜಾಗ ಇಲ್ಲ, ಮಾಮೂಲಿ ಸೆಟ್ಟಿಂಗಿನಲ್ಲಿ ಐದು ನಿಮಿಷಕ್ಕೇ 4ಕೆ ನಿಲ್ಲುತ್ತೆ. ಫುಲ್ ಎಚ್‌ಡಿ ಆದ್ರೆ 29 ನಿಮಿಷ. ಅದೂ ತಮಾಷೆಯ ಮಿತಿ: ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡೋದನ್ನ ಯುರೋಪಿನ ಸುಂಕದವರು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಹೆಚ್ಚು ಸುಂಕ ಹಾಕ್ತಿದ್ರು, ಅದಕ್ಕೆ ಕಂಪನಿಗಳು ಅದರೊಳಗೇ ನಿಲ್ಲಿಸ್ತಿದ್ವು. ಅಮ್ಮಮ್ಮ ಅದಕ್ಕೂ ಮುಂಚೆ ಕವಳಕ್ಕೆ ನಿಲ್ತಾಳೆ, ಹಾಗಾಗಿ ತೊಂದರೆ ಆಗಲಿಲ್ಲ.

ಎರಡು ಮಧ್ಯಾಹ್ನ, ಹನ್ನೊಂದು ಹಾಡು. ಕೆಲವು ಪೂರ್ತಿ, ಕೆಲವು ಮಧ್ಯ ಮಧ್ಯ ಅತ್ತೆ ಎತ್ತಿಕೊಟ್ಟಿದ್ದು. ಬೀಗಿತ್ತಿ ಹಾಡಿನಲ್ಲಿ ಅವಳೇ ನಕ್ಕು ನಿಲ್ಲಿಸಿಬಿಟ್ಟಿದಾಳೆ, ಆ ನಗುವಿನಲ್ಲಿ ಹಲ್ಲಿಲ್ಲದ ಒಸಡು ಕೂಡ ಸ್ಪಷ್ಟವಾಗಿ ಬಂದಿದೆ. ಫೈಲುಗಳು ಈಗ ನನ್ನ ಲ್ಯಾಪ್‌ಟಾಪಿನಲ್ಲಿ, ಅಕ್ಕನ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಕ್ಲೌಡಿನಲ್ಲಿ ಇವೆ. ಮೂರು ಪ್ರತಿ, ಎರಡು ಊರು. ಹಾಡಿನ ಮಾತುಗಳನ್ನ ಅತ್ತೆ ನೋಟ್‌ಬುಕ್ಕಿನಲ್ಲಿ ಬರೀತಿದಾಳೆ, ಅದು ಯಾವ ಹಾರ್ಡ್‌ಡಿಸ್ಕಿಗಿಂತ ಹೆಚ್ಚು ಬಾಳಬಹುದು.

ಹೊರಡೋ ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ ಅವಳಿಗೇ ತೋರಿಸಿದೆ. ತನ್ನ ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಣ್ಣು ಮುಚ್ಚಿ, ತೊಡೆ ಮೇಲೆ ತಾಳ ಹಾಕ್ತಾ ಕೇಳಿದಳು. ಬೇಸಿಗೆಯಲ್ಲಿ ನಿಂತುಹೋಗಿದ್ದ ಆ ಆರತಿ ಹಾಡು ಬಂತು. ಮುಗಿಯೋ ಮೊದಲೇ ಕಣ್ಣು ಬಿಟ್ಟು 'ಮೂರ್ನೇ ನುಡಿ ಬಿಟ್ಟೋತಲೋ' ಅಂದವಳೇ, ವಿಡಿಯೋದಲ್ಲಿ ತಾನು ಹಾಡ್ತಿರೋದನ್ನೂ ಲೆಕ್ಕಿಸದೇ, ಅದರ ಮೇಲೇ ಗಟ್ಟಿಯಾಗಿ ಮೂರನೇ ನುಡಿ ಹಾಡಿದಳು. ನಾನು ಲ್ಯಾಪ್‌ಟಾಪ್ ನಿಲ್ಲಿಸೋಕೆ ತಡಕಾಡ್ತಿದ್ದೆ, ಕ್ಯಾಮೆರಾ ಆಗಲೇ ಬ್ಯಾಗಿನೊಳಗಿತ್ತು. ಹಿಂದೆ ನಿಂತಿದ್ದ ಅತ್ತೆ ತನ್ನ ಹಳೇ ಫೋನಿನಲ್ಲಿ ಅದನ್ನ ಹಿಡಿದಿದ್ದಾಳೆ. ಚಿತ್ರದಲ್ಲಿ ಇರೋದು ಅಮ್ಮಮ್ಮನ ಬೆನ್ನು, ತುರುಬು, ಸ್ಕ್ರೀನಿನ ಬೆಳಕು. ಹಾಡು ಮಾತ್ರ ಪೂರ್ತಿ ಇದೆ.

ನಿಮ್ಮನೆಗಳಲ್ಲೂ ಇಂಥ ಹಾಡು ಹೇಳೋರು ಇರ್ತಾರೆ. ಅವರು ಎಷ್ಟು ದೂರದಿಂದ ಒಪ್ತಾರೆ ಅಂತ ಮೊದಲು ಅಳೀರಿ, ಆಮೇಲೆ ಕ್ಯಾಮೆರಾ ನೋಡಿ. ಆರತಿ ಹಾಡು ಯಾರಿಗಾದ್ರೂ ಬರ್ತಿದ್ರೆ ತಿಳಿಸಿ, ಅತ್ತೆಯ ನೋಟ್‌ಬುಕ್ಕಿನಲ್ಲಿ ಇನ್ನೂ ಬೇಕಾದಷ್ಟು ಖಾಲಿ ಹಾಳೆ ಇವೆ.