ಒಂದು ಕಡ್ಡಿ ಕೊಡ್ತೀರಾ?

ಬೆಂಗಳೂರಿನ 30×40 ಸೈಟಿನಲ್ಲಿ ಮನೆ ಮುಗಿಯುವ ಹೊತ್ತಿಗೆ ಮೇಸ್ತ್ರಿಯಿಂದ ಬರುವ ಪ್ರಶ್ನೆ ಬಹುಪಾಲು ಒಂದೇ: ‘ಸುತ್ತ ಕಾಂಕ್ರೀಟ್ ಹಾಕ್ಬಿಡೋಣ್ವಾ?’ ಹೂಂ ಅನ್ನುವವರನ್ನು ದೂರುವಂತಿಲ್ಲ. ಮಳೆಗಾಲದಲ್ಲಿ ಕೆಸರು ಒಳಗೆ ಬರಬಾರದು, ವಯಸ್ಸಾದವರು ಜಾರಬಾರದು, ಸ್ಕೂಟರ್ ನಿಲ್ಲಬೇಕು, ಬಟ್ಟೆ ಒಣಗಬೇಕು, ಬಾಗಿಲ ಮುಂದೆ ರಂಗೋಲಿ ಬಿಡಬೇಕು. ಹೀಗೆ ಎಲ್ಲ ಒಳ್ಳೆಯ ಕಾರಣಗಳಿಗಾಗಿಯೇ ಮಣ್ಣು ಮುಚ್ಚಿಹೋಗುತ್ತದೆ.

ಮುಚ್ಚಿದ್ದರ ಬೆಲೆ ಏಪ್ರಿಲ್ ತಿಂಗಳಲ್ಲಿ ಗೊತ್ತಾಗುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು ರಾತ್ರಿ ಊಟವಾದ ಮೇಲೂ ಶಾಖ ಬಿಡುತ್ತಲೇ ಇರುತ್ತದೆ. ಕಿಟಕಿ ತೆರೆದರೆ ಬರುವುದು ಅದೇ ಬಿಸಿ. ಮಳೆಯ ಲೆಕ್ಕ ಇನ್ನೊಂದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಬೆಂಗಳೂರಿನ ವರ್ಷದ ಮಳೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು. ಅಂದರೆ ಹತ್ತು ಚದರ ಮೀಟರಿನ ಪುಟ್ಟ ಅಂಗಳದ ಮೇಲೆ ವರ್ಷಕ್ಕೆ ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ, ಬಿದ್ದದ್ದು ಬಿದ್ದ ಹಾಗೇ ಮೋರಿ ಸೇರುತ್ತದೆ. ಬಿಸಿಲಿದೆ, ನೀರಿದೆ, ನೋಡಿಕೊಳ್ಳಲು ಮನೆಯ ಜನರಿದ್ದಾರೆ. ಅಂಥ ಜಾಗ ಬರಡಾಗಿ ಉಳಿಯಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ದೊಡ್ಡ ದುಡ್ಡೂ ಬೇಕಾಗಿಲ್ಲ.

ದುಡ್ಡು ಬೇಕು ಅನ್ನಿಸುವುದು ಅಂಗಡಿಯಿಂದ ಶುರುಮಾಡಿದಾಗ. ಗೋಡೆಗೆ ಕಟ್ಟುವ ಚೌಕಟ್ಟು, ಬಣ್ಣಬಣ್ಣದ ಪಿಂಗಾಣಿ ಕುಂಡ, ಪ್ಲಾಸ್ಟಿಕ್ ಹುಲ್ಲಿನ ಹಾಸು ಎಂದು ಪಟ್ಟಿ ಬೆಳೆಯುತ್ತದೆ. ಆ ಹಾಸಂತೂ ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ನೋಡಲು ಹಸಿರು, ತಂಪು ಮಾತ್ರ ಇಲ್ಲ. ಖರ್ಚು ಮಾಡುವುದಾದರೆ ಮೊದಲು ಮಣ್ಣಿಗೆ ಮಾಡಬೇಕು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲೊಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯ ಐದು ಕಿಲೋ ಇಟ್ಟಿಗೆಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ಅರಳಿ ಹಲವು ಬಕೆಟ್ ತುಂಬುತ್ತದೆ. ಗೊಬ್ಬರ ಮಾತ್ರ ಕಳಿತಿರಲೇಬೇಕು. ಹಸಿ ಸಗಣಿ ಹಾಕಿದರೆ ಬೇರು ಬೆಂದುಹೋಗುತ್ತದೆ.

ಈ ಗೊಬ್ಬರವನ್ನೂ ಮುಂದೆ ಕೊಳ್ಳಬೇಕಾಗಿಲ್ಲ. ಚಳಿಗಾಲ ಕಳೆಯುತ್ತಿದ್ದಂತೆ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಗುಡಿಸುವವರು ಅದನ್ನು ಮೂಟೆ ಕಟ್ಟಿ ಇಟ್ಟಿರುತ್ತಾರೆ. ‘ಒಂದು ಮೂಟೆ ನಮಗಿರಲಿ ಅಕ್ಕ’ ಅಂದರೆ ಸಂತೋಷದಿಂದ ಗೇಟಿನ ಪಕ್ಕ ಇಳಿಸಿ ಹೋಗುತ್ತಾರೆ. ಹೊಂಗೆ ಸೊಪ್ಪು ರೈತರು ಹಿಂದಿನಿಂದಲೂ ಗದ್ದೆಗೆ ತುಳಿಯುತ್ತಿದ್ದ ಹಸಿರೆಲೆ ಗೊಬ್ಬರ. ತೂತು ಮಾಡಿದ ಡ್ರಮ್ಮಿನಲ್ಲಿ ಒಂದು ಪದರ ತರಕಾರಿ ಸಿಪ್ಪೆ, ಅದು ಮುಚ್ಚುವಷ್ಟು ಒಣ ಎಲೆ, ಹೀಗೆ ಹಾಕುತ್ತಾ ಆಗಾಗ ಕೈಯಾಡಿಸಿದರೆ ಕೆಲವೇ ತಿಂಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ವಾಸನೆ ಸೂಸುವ ಗೊಬ್ಬರ ಕೈಗೆ ಬರುತ್ತದೆ. ಸಿಪ್ಪೆಗಿಂತ ಒಣ ಎಲೆ ಹೆಚ್ಚಿದ್ದರೆ ವಾಸನೆಯೂ ಇಲ್ಲ, ನೊಣವೂ ಇಲ್ಲ.

ಕುಂಡದ ಮಾತು ಸುಲಭ. ಪೇಂಟಿನವರು ಬಿಟ್ಟುಹೋಗುವ ಇಪ್ಪತ್ತು ಲೀಟರಿನ ಬಕೆಟ್ ಹೂವಿನ ಗಿಡಕ್ಕೆ ಹೇಳಿಮಾಡಿಸಿದ್ದು. ತಿನ್ನುವ ಸೊಪ್ಪಿಗೆ ಬೇಡ. ಸೊಪ್ಪಿಗೆ ಹಣ್ಣಿನ ಕ್ರೇಟು, ಮೂಲೆ ಸೇರಿದ ಹಳೆಯ ಟಬ್ಬು ಆದೀತು. ಅಕ್ಕಿ ಚೀಲವೂ ಆಗುತ್ತದೆ, ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಯಾವುದೇ ಇರಲಿ, ಬುಡದಲ್ಲಿ ತೂತು ಬೇಕು, ಅಡಿಗೆ ಎರಡು ಇಟ್ಟಿಗೆ ಬೇಕು. ಇಟ್ಟಿಗೆಯ ಮೇಲೆ ಕೂತ ಕುಂಡದಿಂದ ನೀರು ಸರಾಗ ಹರಿಯುತ್ತದೆ, ಕಾದ ನೆಲದ ಬಿಸಿ ಬೇರಿಗೆ ತಾಕುವುದಿಲ್ಲ. ಅಡಿಯಲ್ಲಿ ತಟ್ಟೆ ಇಡುವ ರೂಢಿ ಬೇಡ. ಅದರಲ್ಲಿ ನಿಂತ ನೀರಲ್ಲೇ ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು. ಕುಂಡಗಳನ್ನು ಗೋಡೆಯುದ್ದಕ್ಕೂ ಚದುರಿಸುವ ಬದಲು ಒಂದೆಡೆ ಒತ್ತಾಗಿ ಜೋಡಿಸಿದರೆ ಒಂದರ ನೆರಳು ಇನ್ನೊಂದರ ಬುಡಕ್ಕೆ ಬಿದ್ದು ಮಣ್ಣು ಬೇಗ ಒಣಗುವುದಿಲ್ಲ.

ಇನ್ನು ಗಿಡ. ಇಲ್ಲಿಯೇ ನನ್ನ ಮಾತಿನ ತಿರುಳಿರುವುದು: ಮೊದಲ ಗಿಡಗಳನ್ನು ಕೊಳ್ಳಬೇಡಿ, ಕೇಳಿ. ದೊಡ್ಡಪತ್ರೆ, ದಾಸವಾಳ, ನಂದಿಬಟ್ಟಲು, ತೊಂಡೆ, ಮನಿಪ್ಲಾಂಟ್ ಎಲ್ಲವೂ ಕಡ್ಡಿಯಿಂದ ಬರುವಂಥವು. ‘ಅಜ್ಜಿ, ಒಂದು ಕಡ್ಡಿ ಕೊಡ್ತೀರಾ?’ ಎಂದು ಪಕ್ಕದ ಬೀದಿಯ ಗೇಟಿನ ಬಳಿ ನಿಂತಾಗ ನನಗೆ ಕಡ್ಡಿಯ ಜತೆಗೆ ಪಾಠವೂ ಸಿಕ್ಕಿತು. ‘ತಗೊಳ್ಳಮ್ಮ. ಎಳೇದು ಬೇಡ, ಬಲಿತಿದ್ದು ಮುರ್ಕೋ. ಎರಡು ಗಿಣ್ಣು ಮಣ್ಣೊಳಗೆ, ಎರಡು ಮೇಲೆ. ನೆರಳಲ್ಲಿಡು, ದಿನಾ ಕಿತ್ತು ನೋಡ್ಬೇಡ.’ ಕದ್ದು ತಂದ ಮನಿಪ್ಲಾಂಟೇ ಹುಲುಸಾಗಿ ಬರುತ್ತದೆ ಎನ್ನುವವರಿದ್ದಾರೆ. ಕೇಳಿ ತಂದದ್ದು ಅಷ್ಟೇ ಹುಲುಸಾಗಿ ಬರುತ್ತದೆ, ಜತೆಗೆ ಒಂದು ಮನೆಯ ಪರಿಚಯವೂ ಬರುತ್ತದೆ.

ಮಾರುಕಟ್ಟೆಯಿಂದ ತಂದ ಬಸಳೆಯನ್ನೇ ನೋಡಿ. ಎಲೆ ಸಾರಿಗೆ ಹೋದ ಮೇಲೆ ಉಳಿಯುವ ಗೇಣುದ್ದದ ದಪ್ಪ ದಂಟನ್ನು ಕ್ರೇಟಿನ ಮಣ್ಣಿಗೆ ಓರೆಯಾಗಿ ಚುಚ್ಚಿದರೆ ಸಾಕು. ಕೆಲವು ದಿನ ಅದು ಸತ್ತ ಹಾಗೇ ಕಾಣುತ್ತದೆ. ಆಮೇಲೊಂದು ಬೆಳಿಗ್ಗೆ ಗಿಣ್ಣಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಚಿಗುರು, ಮಿಣಮಿಣ ಹೊಳೆಯುತ್ತಾ. ಅದಕ್ಕೊಂದು ದಾರ ಕಟ್ಟಿ ಕಿಟಕಿ ಸರಳಿಗೆ ದಾರಿ ತೋರಿಸಿದರೆ ಮುಂದಿನದ್ದು ಅದೇ ನೋಡಿಕೊಳ್ಳುತ್ತದೆ. ತಂಬುಳಿಗೂ ಸಾರಿಗೂ ಎಲೆ ಸಿಗುತ್ತದೆ, ಕಿಟಕಿಗೆ ನೆರಳೂ ಸಿಗುತ್ತದೆ.

ಕಡಿಮೆ ನೆಲದಲ್ಲಿ ಹೆಚ್ಚು ಹಸಿರು ಕೊಡುವುದು ಬಳ್ಳಿ. ಸ್ವಂತ ಮನೆಯಾದರೆ ಕಾಂಪೌಂಡ್ ಪಕ್ಕ ಒಂದಡಿ ಚೌಕದಷ್ಟು ಕಾಂಕ್ರೀಟ್ ಒಡೆಸಿ, ಎರಡಡಿ ಆಳ ತೋಡಿ, ಹೊಸ ಮಣ್ಣು ತುಂಬಿಸಿ ಒಂದು ಮಧುಮಾಲತಿ ನೆಡಿ. ಸಂಪಿನಿಂದ, ಪೈಪಿನಿಂದ ದೂರವಿರಲಿ. ಪಡುವಣ ಗೋಡೆಯ ಪಕ್ಕವಾದರೆ ಇನ್ನೂ ಒಳ್ಳೆಯದು. ಸಂಜೆಯ ಬಿಸಿಲು ಗೋಡೆಗೆ ಬೀಳುವ ಬದಲು ಎಲೆಯ ಮೇಲೆ ಬೀಳುತ್ತದೆ. ಮಧುಮಾಲತಿಯ ಹೂವು ಸಂಜೆ ಬೆಳ್ಳಗೆ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ. ಹೀಗಾಗಿ ಒಂದೇ ಗೊಂಚಲಿನಲ್ಲಿ ಮೂರು ಬಣ್ಣ. ಅದರ ಪರಿಮಳ ಕತ್ತಲಾದ ಮೇಲೆ ಬೀದಿಯವರೆಗೂ ಹೋಗುತ್ತದೆ. ಒಡೆಸಿದ ಆ ಒಂದಡಿಯಲ್ಲಿ ಮಳೆನೀರೂ ಇಂಗುತ್ತದೆ. ಬಾಡಿಗೆ ಮನೆಯವರು ನೆಲ ಒಡೆಯುವಂತಿಲ್ಲ, ನಿಜ. ಅವರಿಗೆ ದೊಡ್ಡ ಡ್ರಮ್ಮು, ಎರಡು ಹಗ್ಗ ಸಾಕು. ಹೀರೆ, ಹಾಗಲ, ಶಂಖಪುಷ್ಪ ಬೀಜದಿಂದಲೇ ಏರುತ್ತವೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ನೀರಿಗೆ ಬಾಯಿಬಿಟ್ಟಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದೆಂದು ಆದೇಶಿಸಿತು, ಮೀರಿದರೆ 5,000 ರೂಪಾಯಿ ದಂಡ. ಆದೇಶ ಸರಿಯಾಗಿಯೇ ಇತ್ತು. ನಮ್ಮಂಥ ಅಂಗಳಗಳು ಆ ಬೇಸಿಗೆಯನ್ನು ದಾಟಿದ್ದು ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರಿನಲ್ಲಿ. ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಒಣ ಎಲೆ ಹಾಸಿದ್ದರೆ ಆ ನೀರೇ ಸಾಲುತ್ತದೆ. ಯಾವ ಗಿಡಕ್ಕೆ ಈ ಉಪಚಾರವೂ ಸಾಲದೋ ಅದನ್ನು ಇಂಥ ಊರಿನಲ್ಲಿ ಬೆಳೆಸದಿರುವುದೇ ಒಳ್ಳೆಯದು.

ಕೊಂಡು ತರಲೇಬೇಕಾದದ್ದಕ್ಕೂ ಈ ಊರಿನಲ್ಲಿ ಕೊರತೆಯಿಲ್ಲ. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್‌ನ ಆಸುಪಾಸಿನಲ್ಲಿ, ಸಿದ್ದಾಪುರದ ನರ್ಸರಿಗಳಲ್ಲಿ ಸಸಿ ಬೆಳೆಸುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನಗಳಲ್ಲಿ ಬೀಜ, ಸಸಿ ಸಿಗುತ್ತವೆ. ತಾರಸಿ ತೋಟದ ಅನುಭವಸ್ಥರನ್ನು ಅಲ್ಲಿ ಮಾತಾಡಿಸಿದರೆ ತಾವು ಕಲಿತದ್ದನ್ನು ಬಿಚ್ಚಿ ಹೇಳುತ್ತಾರೆ.

ಆದರೂ ನನಗೆ ಮುಖ್ಯವಾಗುವುದು ಕೊಳ್ಳುವ ಕಾಲವಲ್ಲ, ಕಡ್ಡಿ ಚುಚ್ಚುವ ಜೂನ್ ಮೊದಲ ವಾರ. ಮಳೆ ಹಿಡಿಯುವ ಆ ದಿನಗಳಲ್ಲಿ ಚುಚ್ಚಿದ ಕಡ್ಡಿ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಒಂದು ಮಳೆಗಾಲ ಕೇಳಿ ತಂದವರ ಅಂಗಳ ಮುಂದಿನ ಮಳೆಗಾಲಕ್ಕೆ ಕೊಡುವಷ್ಟು ಬೆಳೆದಿರುತ್ತದೆ. ಬಳ್ಳಿಯನ್ನು ಸವರಿದಾಗ ಬಂದ ಕಡ್ಡಿಗಳನ್ನು ಕಸಕ್ಕೆ ಹಾಕಬೇಡಿ. ಕಟ್ಟು ಕಟ್ಟಿ ಗೇಟಿನ ಮೇಲಿಡಿ. ಬರಿಯ ಸಿಮೆಂಟಿನ ಮುಂದೆ ನಿಂತು ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿರುವ ಯಾರೋ ಒಬ್ಬರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಅವರಿಗೆ ಬೇಕಿರುವುದು ಒಂದು ಕಡ್ಡಿ, ಮತ್ತು ಅದನ್ನು ಹೇಗೆ ನೆಡಬೇಕೆಂದು ಹೇಳುವ ಒಬ್ಬ ನೆರೆಯವರು. ಎರಡನ್ನೂ ಕೊಡಲು ನಮ್ಮಿಂದ ಆಗುತ್ತದೆ.