ಕಳಸದ ಏರುದಾರಿಯಲ್ಲಿ

ಮೂಡಿಗೆರೆಯಿಂದ ಕಳಸಕ್ಕೆ ಬಸ್ಸಿನಲ್ಲಿ ಹೋಗುವವರು ಬೆಟ್ಟಗಳ ಚೆಲುವನ್ನು ಕಂಡು ಬರುತ್ತಾರೆ. ಬೈಸಿಕಲ್ಲು ತುಳಿದು ಹೋಗುವವರು ಅವುಗಳ ಎತ್ತರವನ್ನೂ ತಿಳಿದು ಬರುತ್ತಾರೆ. ಕೊಟ್ಟಿಗೆಹಾರ ದಾಟಿ ಬಾಳೂರು, ಹಿರೇಬೈಲುಗಳ ಹಾದಿ ಹಿಡಿದೊಡನೆ ಕಾಫಿಯ ತೋಟಗಳು, ನೆರಳಿನ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳು, ತಗ್ಗಿನಲ್ಲಿ ಅಡಕೆಯ ತೋಟಗಳು ಎದುರಾಗುತ್ತವೆ. ಒಂದು ಏರು ಮುಗಿಯಿತೆನ್ನುವಷ್ಟರಲ್ಲಿ ತಿರುವಿನಾಚೆ ಮತ್ತೊಂದು ಏರು ಕಾದಿರುತ್ತದೆ. ಗಟ್ಟಿಮುಟ್ಟಾದ ತರುಣರೂ ಇಳಿದು ತಳ್ಳಬೇಕಾಗುವ ದಾರಿಯಿದು.

ಶ್ರಮಕ್ಕೆ ತಕ್ಕ ಫಲವೂ ಉಂಟು. ಭದ್ರೆಯ ಬಳಸಿನಲ್ಲಿರುವ ಕಳಸದಲ್ಲಿ ಕಲ್ಲುಮೆಟ್ಟಿಲುಗಳನ್ನೇರಿದರೆ ಕಳಸೇಶ್ವರನ ಗುಡಿ. ಸಮೀಪದ ಪಂಚತೀರ್ಥಗಳಲ್ಲೊಂದಾದ ಅಂಬಾತೀರ್ಥದಲ್ಲಿ, ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂಬ ಪ್ರತೀತಿಯ ಹೆಬ್ಬಂಡೆ. ಸುಮಾರು 8 ಕಿ.ಮೀ. ದೂರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿ. ಬಂದವರಿಗೆಲ್ಲ ಅಲ್ಲಿ ಊಟ.

ಸೇವಾಕಾರ್ಯಕ್ಕಾಗಿ ಗಾಲಿಯ ಮೇಲೆ ದೇಶ ಸುತ್ತುವ ಪದ್ಧತಿ ಈಗ ಲೋಕದಲ್ಲಿ ಬೇರೂರಿದೆ. ಎಲ್ಲಿಯೋ ಇರುವ ಅಂಗವಿಕಲ ಮಕ್ಕಳಿಗಾಗಿ ನೂರಾರು ಮೈಲಿ ಬೈಸಿಕಲ್ಲು ತುಳಿದು ಹಣ ಕೂಡಿಸುವವರಿದ್ದಾರೆ. ಕೆನಡಾದ ರಿಕ್ ಹ್ಯಾನ್ಸನ್ ಅವರದಂತೂ ಅಸಾಧಾರಣ ಯಾತ್ರೆ. ಹದಿನೈದರ ಹರೆಯದಲ್ಲಿ ಅಪಘಾತದಿಂದ ಕಾಲುಗಳ ಸ್ವಾಧೀನ ಕಳೆದುಕೊಂಡ ಅವರು, 1985ರ ಮಾರ್ಚಿಯಲ್ಲಿ ವ್ಯಾಂಕೂವರಿನಿಂದ ಗಾಲಿಕುರ್ಚಿಯಲ್ಲಿ ಹೊರಟು, ತೋಳ್ಬಲದಿಂದಲೇ 34 ದೇಶಗಳಲ್ಲಿ 40,000 ಕಿ.ಮೀ.ಗೂ ಹೆಚ್ಚು ಸಂಚರಿಸಿ, 1987ರ ಮೇ ತಿಂಗಳಲ್ಲಿ ಮರಳಿದರು. ಸಂಗ್ರಹವಾದ ನಿಧಿ 2.6 ಕೋಟಿ ಡಾಲರು.

ಆದರೆ ಗಾಲಿ ಉರುಳಬೇಕಾದರೆ ಕೆಳಗೆ ರಸ್ತೆಯಿರಬೇಕು. ಕಳಸದ ಸೀಮೆಯಲ್ಲಿ ಎಷ್ಟೋ ಮನೆಗಳು ಡಾಂಬರು ರಸ್ತೆಯಿಂದ ದೂರ, ತೋಟದೊಳಗಿನ ಕಾಲುದಾರಿಯ ಕೊನೆಯಲ್ಲಿವೆ. ನಡುವೆ ಹಳ್ಳ, ಹಳ್ಳಕ್ಕೊಂದು ಮರದ ಸಂಕ. ನಡೆಯಲಾರದ ಮಗುವನ್ನು ಐದು ವರ್ಷದವರೆಗೆ ತಾಯಿ ಸೊಂಟದ ಮೇಲೆ ಹೊತ್ತು ಏರು ಹತ್ತಿಯಾಳು. ಹತ್ತು ವರ್ಷವಾದ ಮೇಲೆ ಹೊರುವವರಾರು? ಮಳೆಗಾಲದ ಕಷ್ಟವಂತೂ ಬೇರೆಯೇ. 2019ರ ಆಗಸ್ಟಿನ ಮಳೆಯಲ್ಲಿ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡುಗಳ ಸಂಚಾರವೇ ಕಡಿದುಹೋಗಿತ್ತು. ಮೂಡಿಗೆರೆ ಸೀಮೆಯ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳು ಹಾಳಾದುವು. ಕಾಲಿದ್ದವರೇ ಸಿಕ್ಕಿಬೀಳುವ ನಾಡಿನಲ್ಲಿ ಕಾಲಿಲ್ಲದವರ ಪಾಡನ್ನು ಓದುಗರೇ ಊಹಿಸಬಹುದು.

ಕಾನೂನಿನ ಕೊರತೆಯಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು, ಗೊತ್ತುಪಡಿಸಿದ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ತೀವ್ರ ವೈಕಲ್ಯವುಳ್ಳ ಮಕ್ಕಳು ಮನೆಯಲ್ಲಿಯೇ ಕಲಿಯಲು 2012ರ ತಿದ್ದುಪಡಿ ಅವಕಾಶವಿತ್ತಿದೆ. ಆ ಹಕ್ಕು ಸಂಕ ದಾಟಿ ಮನೆಬಾಗಿಲಿಗೆ ಬರಬೇಕಾದರೆ ಯಾರಾದರೂ ನಡೆದು ಬರಲೇಬೇಕು. ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದಾಗ ಇಂತಹ ಕಾನೂನುಗಳಾವುವೂ ಇರಲಿಲ್ಲ, ಮನಸ್ಸೊಂದಿತ್ತು.

ಕಾಫಿಯ ಹೂ ಅರಳಿದ ದಿನಗಳಲ್ಲಿ ಈ ಬೆಟ್ಟಗಳಿಗೆ ಸವಾರರು ಬರಲಿ. ಪುಣ್ಯಕಾರ್ಯಕ್ಕೆಂದು ಹಣ ಕೂಡಿಸಿಯೂ ಬರಲಿ. ಆ ಹಣದಲ್ಲಿ ಒಂದು ಪಾಲು ಇಲ್ಲಿಯೇ ಉಳಿದು, ಒಂದು ಗಟ್ಟಿ ಸಂಕವಾಗಿ, ಮನೆಗೆ ಬರುವ ಮೇಷ್ಟರ ಬಸ್ಸಿನ ಖರ್ಚಾಗಿ, ಮಗುವನ್ನು ಶಾಲೆಗೆ ಒಯ್ಯುವ ಜೀಪಿನ ಬಾಡಿಗೆಯಾಗಿ ಪರಿಣಮಿಸಲಿ. ಏರುದಾರಿಯಲ್ಲಿ ಬೈಸಿಕಲ್ಲು ತಳ್ಳಿದವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.